ಮಗ್ಗುಲಲ್ಲಿ ಮಲಗಿದವರು

ಮನೆ ಕಟ್ಟದ ಜನಕ್ಕೆ ಊರು ಯಾವುದು ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕು? ಎರಡೂವರೆ ಸಾವಿರ ವರ್ಷಗಳ ಹಿಂದೆ ಒಬ್ಬ ದೊರೆ ಇದಕ್ಕೆ ಕೊಟ್ಟ ಉತ್ತರವನ್ನು ಗ್ರೀಕರ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟಿದ್ದಾನೆ. ಕ್ರಿ. ಪೂ. 513ರ ಸುಮಾರಿನಲ್ಲಿ ಪಾರಸಿಕರ ಚಕ್ರವರ್ತಿ ಡೇರಿಯಸ್ ಕಪ್ಪುಸಮುದ್ರದ ಉತ್ತರದ ಹುಲ್ಲುಬಯಲಿಗೆ ದಂಡೆತ್ತಿ ಹೋದ. ಅಲ್ಲಿದ್ದವರು ಸಿಥಿಯನರು, ಬಂಡಿಯಲ್ಲಿ ಸಂಸಾರ ಹೂಡಿ, ಕುದುರೆಯ ಮೇಲೆ ಬದುಕು ಸಾಗಿಸುತ್ತ ಅಲೆಯುವ ಜನ. ಚಕ್ರವರ್ತಿ ಮುಂದೆ ಬಂದಂತೆಲ್ಲ ಅವರು ಹಿಂದೆ ಸರಿದರು. ದಣಿದುಹೋದ ಡೇರಿಯಸ್, ಹೀಗೆ ಓಡುವುದೇಕೆ, ನಿಂತು ಕಾದಾಡು, ಇಲ್ಲವಾದರೆ ಶರಣಾಗು ಎಂದು ಅವರ ದೊರೆ ಇದಾಂತಿರ್ಸಸನಿಗೆ ಹೇಳಿಕಳುಹಿಸಿದ. ದೊರೆಯ ಮರುಮಾತಿನ ತಾತ್ಪರ್ಯ ಇಷ್ಟು: ನಾವು ಓಡುತ್ತಿಲ್ಲ, ನಮ್ಮ ಬಾಳೇ ಹೀಗೆ, ಕಾಪಾಡಿಕೊಳ್ಳಲು ನಮಗೆ ಪಟ್ಟಣವಿಲ್ಲ, ಪೈರಿನ ಹೊಲವಿಲ್ಲ, ಆದರೆ ನಮ್ಮ ಹಿರಿಯರ ಗೋರಿಗಳಿವೆ, ಅವನ್ನು ಹುಡುಕಿ ಕೆಡಿಸಿ ನೋಡು, ನಾವು ಕಾದಾಡುತ್ತೇವೋ ಇಲ್ಲವೋ ಆಗ ನಿನಗೇ ತಿಳಿಯುತ್ತದೆ.

ಈ ಸಿಥಿಯನರನ್ನು ಪಾರಸಿಕರು ಶಕರೆಂದು ಕರೆಯುತ್ತಿದ್ದರು. ಆ ಹೆಸರು ನಮಗೆ ಅಪರಿಚಿತವಲ್ಲ. ಅವರ ಪೂರ್ವದ ಕವಲುಗಳು ಭರತಖಂಡಕ್ಕೂ ಬಂದು ಆಳಿದವು. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರಲ್ಲಿ ಕೆತ್ತಿಸಿದ ಶಾಸನ, ಶಕರಾಜನ ಪಟ್ಟಾಭಿಷೇಕದಿಂದ ಐನೂರು ವರ್ಷ ಕಳೆದವೆಂದು ಕಾಲವನ್ನು ಲೆಕ್ಕ ಹಾಕುತ್ತದೆ. ಇಂದಿಗೂ ಪಂಚಾಂಗ ತೆರೆದು ಶಾಲಿವಾಹನ ಶಕೆ ಇಷ್ಟು ಎಂದು ಓದುವಾಗ, ಆ ಕುದುರೆ ಸವಾರರ ಹೆಸರು ನಮ್ಮ ನಾಲಗೆಯ ಮೇಲೆ ಒಮ್ಮೆ ಸುಳಿದುಹೋಗುತ್ತದೆ.

ಅವರು ಅಲೆದಾಡಿದ ಬಯಲಿಗೆ ಸ್ಟೆಪ್ಪಿ ಎಂದು ಹೆಸರು. ಪಶ್ಚಿಮದಲ್ಲಿ ಹಂಗೇರಿಯ ಮೈದಾನದಿಂದ ಪೂರ್ವದಲ್ಲಿ ಮಂಗೋಲಿಯದವರೆಗೆ ಹಬ್ಬಿದ ಹುಲ್ಲಿನ ಹರಹು ಅದು. ಅಲ್ಲಿ ಬಾಳಿದವರು ಬಿಟ್ಟುಹೋದ ಶಾಶ್ವತ ಕಟ್ಟಡವೆಂದರೆ ಬಹುಮಟ್ಟಿಗೆ ಒಂದೇ: ಹೆಣ ಹೂಳಿ ಮೇಲೆ ಮಣ್ಣನ್ನೋ ಕಲ್ಲನ್ನೋ ಒಟ್ಟಿದ ದಿಬ್ಬ. ಇದನ್ನು ಕುರ್ಗಾನ್ ಎನ್ನುತ್ತಾರೆ. ಐದು ಸಾವಿರ ವರ್ಷಗಳಷ್ಟು ಹಳೆಯ ಕುರ್ಗಾನುಗಳಿವೆ. ಕೆಲವು ಎತ್ತಿನ ಬೆನ್ನಿನಷ್ಟು ಎತ್ತರ. ಉಕ್ರೇನಿನ ಚೆರ್ತೊಮ್ಲಿಕ್ ಎಂಬಲ್ಲಿ 1862ರಲ್ಲಿ ಅಗೆಯಲು ತೊಡಗಿದ ರಾಜಗೋರಿಯ ದಿಬ್ಬ ಸುಮಾರು ಇಪ್ಪತ್ತು ಮೀಟರು ಎತ್ತರವಿತ್ತು. ಬದುಕಿದ್ದಾಗ ಒಂದು ಗೋಡೆಯನ್ನೂ ಎಬ್ಬಿಸದವರು ಸತ್ತಾಗ ಬೆಟ್ಟವನ್ನೇ ಎಬ್ಬಿಸಿದರು.

ನಾನು ಪುರಾತತ್ತ್ವಜ್ಞನಲ್ಲ, ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಆದರೂ ಈ ದಿಬ್ಬಗಳ ವಿಷಯವನ್ನು ಕೆಲವು ವರ್ಷಗಳಿಂದ ಸಿಕ್ಕಿದಲ್ಲೆಲ್ಲ ಓದುತ್ತ ಬಂದಿದ್ದೇನೆ. ಅವುಗಳಲ್ಲಿ ಸಿಕ್ಕ ಚಿನ್ನ ನನ್ನನ್ನು ಅಷ್ಟಾಗಿ ಎಳೆಯಲಿಲ್ಲ. ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು, ಕೆಲವೆಡೆ ಇಡೀ ಒಂದು ಮನೆತನ ಮಲಗಿರುತ್ತದಲ್ಲ, ಅದು ನನ್ನನ್ನು ಹಿಡಿದು ನಿಲ್ಲಿಸಿತು. ಯಾರ ಮಗ್ಗುಲಲ್ಲಿ ಯಾರು? ಅವರು ಅಲ್ಲಿ ಏತಕ್ಕಿದ್ದಾರೆ? ಅವರನ್ನು ಯಾರಾದರೂ ಕೇಳಿದ್ದರೇ?

ಹೆರೊಡೋಟಸನ ವರ್ಣನೆಯಿಂದಲೇ ತೊಡಗೋಣ. ಸಿಥಿಯನರ ಅರಸು ತೀರಿಕೊಂಡರೆ ಹೊಟ್ಟೆ ಸೀಳಿ, ಶುಚಿಮಾಡಿ, ಜೇಕಿನ ಗಡ್ಡೆ, ಧೂಪದ್ರವ್ಯ, ಸೋಂಪು ಮೊದಲಾದವನ್ನು ತುಂಬಿ ಹೊಲಿಯುತ್ತಾರೆ. ಮೈಗೆಲ್ಲ ಮೇಣ ಬಳಿಯುತ್ತಾರೆ. ಶವ ಬಂಡಿಯಲ್ಲಿ ಕುಲದಿಂದ ಕುಲಕ್ಕೆ ಸಾಗುತ್ತದೆ. ನೋಡಿದವರು ಕಿವಿಯ ಚೂರು ಕತ್ತರಿಸಿಕೊಳ್ಳುತ್ತಾರೆ, ತಲೆ ಬೋಳಿಸಿಕೊಳ್ಳುತ್ತಾರೆ, ಹಣೆ ಮೂಗು ಗೀರಿಕೊಳ್ಳುತ್ತಾರೆ, ಎಡಗೈಗೆ ಬಾಣ ಚುಚ್ಚಿಕೊಳ್ಳುತ್ತಾರೆ. ಕೊನೆಗೆ ಗುಂಡಿಯಲ್ಲಿ ಇಳಿಸಿ, ಜೊತೆಗೆ ಒಬ್ಬ ಉಪಪತ್ನಿಯನ್ನು ಕುತ್ತಿಗೆ ಬಿಗಿದು ಕೊಂದು ಹೂಳುತ್ತಾರೆ. ಪಾನಪಾತ್ರೆ ಹಿಡಿಯುವವನನ್ನು, ಅಡಿಗೆಯವನನ್ನು, ಕುದುರೆ ನೋಡಿಕೊಳ್ಳುವವನನ್ನು, ಊಳಿಗದವನನ್ನು, ಸುದ್ದಿ ಒಯ್ಯುವವನನ್ನು ಹಾಗೆಯೇ ಕಳುಹಿಸುತ್ತಾರೆ. ಮೇಲೆ ಮಣ್ಣು ಸುರಿಯುವುದರಲ್ಲಿ ಒಬ್ಬರಿಗಿಂತ ಒಬ್ಬರು ಮೇಲಾಗಿ, ದಿಬ್ಬ ಆದಷ್ಟು ದೊಡ್ಡದಾಗಲೆಂದು ಪೈಪೋಟಿ ನಡೆಸುತ್ತಾರೆ. ವರ್ಷ ತುಂಬಿದ ಮೇಲೆ ಐವತ್ತು ಜನ ಸೇವಕರನ್ನೂ ಐವತ್ತು ಕುದುರೆಗಳನ್ನೂ ಕೊಂದು, ಹೊಟ್ಟು ತುಂಬಿ, ಗೋರಿಯ ಸುತ್ತ ಸವಾರರಂತೆ ನಿಲ್ಲಿಸುತ್ತಾರೆ.

ಇದೆಲ್ಲ ಕಟ್ಟುಕತೆಯೆಂದು ಬಹುಕಾಲ ನಂಬಲು ಹಿಂದೆಗೆದವರುಂಟು. ಆದರೆ ಗುದ್ದಲಿ ಅವನ ಕಡೆಗೆ ಸಾಕ್ಷಿ ಹೇಳುತ್ತ ಬಂದಿದೆ. ಸೈಬೀರಿಯದ ದಕ್ಷಿಣಕ್ಕಿರುವ ತುವಾ ಪ್ರಾಂತದಲ್ಲಿ, ಕ್ರಿ. ಪೂ. ಒಂಬತ್ತನೆಯ ಶತಮಾನದ ಒಂದು ದೊಡ್ಡ ದಿಬ್ಬದಲ್ಲಿ ಕನಿಷ್ಠ 18 ಕುದುರೆಗಳ ಮೂಳೆಗಳೂ ಅವುಗಳ ಜೊತೆಗೆ ಮನುಷ್ಯನ ಮೂಳೆಗಳೂ ಸಿಕ್ಕವೆಂದು 2024ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅದು ಹೆರೊಡೋಟಸನಿಗಿಂತ ನಾನೂರು ವರ್ಷ ಹಿಂದಿನದು. ಹೆಣ ಹೂಳಿದವರು ಕಂಬಳಿಯ ಗುಡಾರದಲ್ಲಿ ಕಾದ ಕಲ್ಲಿನ ಮೇಲೆ ಸೆಣಬಿನ ಜಾತಿಯ ಗಾಂಜಾ ಬೀಜ ಹಾಕಿ, ಆ ಹೊಗೆಯಲ್ಲಿ ಮೈ ಶುದ್ಧಿ ಮಾಡಿಕೊಳ್ಳುತ್ತಾರೆಂದು ಅವನು ಬರೆದಿದ್ದ. ಆಲ್ತಾಯ್ ಬೆಟ್ಟಗಳ ಪಜಿರಿಕ್ ಎಂಬಲ್ಲಿ ರುದೆಂಕೊ ಎಂಬ ರಷ್ಯದ ವಿದ್ವಾಂಸರು 1947ರಿಂದ 1949ರವರೆಗೆ ಅಗೆದಾಗ ಗುಡಾರದ ಕೋಲುಗಳು, ಕಲ್ಲು ತುಂಬಿದ ಕಂಚಿನ ಪಾತ್ರೆ, ಕರಿದ ಬೀಜ ಎಲ್ಲವೂ ಹಾಗೆಯೇ ಇದ್ದವು. ಕಳ್ಳರು ಹಿಂದೆಯೇ ಕೊರೆದಿದ್ದ ಕಿಂಡಿಯಿಂದ ನೀರು ಇಳಿದು, ಒಳಗೆ ಹೆಪ್ಪುಗಟ್ಟಿ, ತೊಗಲು, ಉಣ್ಣೆ, ಮೈಯ ಮೇಲಿನ ಹಚ್ಚೆ ಇವೆಲ್ಲವನ್ನೂ ಸುಮಾರು ಇಪ್ಪತ್ತಮೂರು ಶತಮಾನ ಕಾಪಾಡಿತ್ತು. ಚಿನ್ನ ಕದ್ದವರ ದೆಸೆಯಿಂದ ಉಳಿದದ್ದೆಲ್ಲ ಉಳಿಯಿತು.

ಇಷ್ಟು ಓದಿದ ಮೇಲೆ ನನ್ನ ಮನಸ್ಸು ಆ ಅಡಿಗೆಯವನ ಬಳಿ ನಿಂತಿತು. ಅರಸನ ಸೇವಕರು ಹಣ ಕೊಟ್ಟು ಕೊಂಡ ಗುಲಾಮರಲ್ಲ, ಆ ನೆಲದಲ್ಲೇ ಹುಟ್ಟಿದ ಸಿಥಿಯನರು, ಅರಸು ಯಾರನ್ನು ಕರೆದರೆ ಅವರು ಸೇವೆಗೆ ಬರಬೇಕು ಎಂದು ಹೆರೊಡೋಟಸ್ ಒಂದು ಮಾತು ಸೇರಿಸಿದ್ದಾನೆ. ಹಾಗಾದರೆ ಗುಂಡಿಯ ಅಂಚಿನಲ್ಲಿ ನಿಂತಾಗ ಆ ಅಡಿಗೆಯವನು ಅದನ್ನು ಮಾನವೆಂದು ತಿಳಿದನೋ, ಅವನ ಕಾಲು ನಡುಗಿತೋ? ಅವನಿಗೆ ಮನೆಯಲ್ಲಿ, ಎಂದರೆ ಬಂಡಿಯಲ್ಲಿ, ಎಷ್ಟು ಮಕ್ಕಳಿದ್ದವು?

ಇಂಥ ಪ್ರಶ್ನೆ ನನಗೆ ಮೊದಲು ಬಂದದ್ದು ಸ್ಟೆಪ್ಪಿಯ ದೆಸೆಯಿಂದಲ್ಲ, ನನ್ನ ತರಗತಿಯಲ್ಲಿ. ಒಂಬತ್ತನೆಯ ಶತಮಾನದ ದೊಡ್ಡಹುಂಡಿಯ ಶಾಸನವನ್ನು ಪಾಠ ಮಾಡುತ್ತಿದ್ದೆ. ಗಂಗರ ದೊರೆ ನೀತಿಮಾರ್ಗ ಮಡಿದಾಗ ಅವನ ಮನೆಮಗನಾದ ಅಗರಯ್ಯ ಎಂಬವನು 'ಕೀಳ್ಗುಂಟೆ'ಯಾದನೆಂದು ಅದರಲ್ಲಿದೆ. ಕೀಳ್ಗುಂಟೆಯೆಂದರೆ ಒಡೆಯನ ಕೆಳಗೆ ಗುಂಡಿ ಸೇರುವುದು ಎಂದು ವಿದ್ವಾಂಸರ ವಿವರಣೆ. ಉಪ್ಪಿನ ಋಣ, ಸ್ವಾಮಿಭಕ್ತಿ ಎಂದೆಲ್ಲ ನಾನು ಆವೇಶದಿಂದ ಹೇಳುತ್ತಿರುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಅವನು ತಾನಾಗಿ ಇಳಿದನೋ, ಇಳಿಸಿದರೋ?" ಶಾಸನದಲ್ಲಿ ಅದು ಇಲ್ಲಮ್ಮ ಎಂದೆ. "ಶಾಸನ ಬರೆಸಿದವರು ಉಳಿದವರಲ್ಲವೇ ಸಾರ್?" ಎಂದು ಕುಳಿತುಕೊಂಡಳು. ಗಂಟೆ ಬಾರಿಸಿತು. ಆ ಪ್ರಶ್ನೆ ಮಾತ್ರ ನನ್ನ ಸಂಗಡ ಮನೆಗೆ ಬಂತು. ಅಗರಯ್ಯನಿಗಾದರೂ ಕಲ್ಲಿನ ಮೇಲೆ ಒಂದು ಹೆಸರು ಸಿಕ್ಕಿತು. ಬಯಲಿನ ಅಡಿಗೆಯವನಿಗೆ ಅದೂ ಇಲ್ಲ.

ಒಡೆಯ ಸೇವಕರ ಮಾತಾಯಿತು. ಗಂಡು ಹೆಣ್ಣು ಒಟ್ಟಿಗೆ ಮಲಗಿರುವ ಗೋರಿಗಳಲ್ಲಿ ನಮ್ಮ ಕಣ್ಣು ಬೇರೆ ಬಗೆಯಲ್ಲಿ ಮೋಸಹೋಗುತ್ತದೆ. ಸೈಬೀರಿಯದ ನೊವೊಸಿಬಿರ್ಸ್ಕ್ ಪ್ರಾಂತದ ಸ್ತಾರಿ ತಾರ್ತಾಸ್ ಎಂಬ ಹಳ್ಳಿಯ ಬಳಿ ಕಂಚಿನ ಯುಗದ ದೊಡ್ಡ ಶ್ಮಶಾನವೊಂದಿದೆ. ಅಲ್ಲಿಯ ಕೆಲವು ಗುಂಡಿಗಳಲ್ಲಿ ಇಬ್ಬಿಬ್ಬರು, ಒಬ್ಬರು ಎಡಮಗ್ಗುಲಾಗಿ ಒಬ್ಬರು ಬಲಮಗ್ಗುಲಾಗಿ, ಮೊಣಕಾಲು ಮಡಿಸಿ, ಮುಖಕ್ಕೆ ಮುಖ ಕೊಟ್ಟು, ಕೈ ಕೈ ಸೇರಿಸಿ ಮಲಗಿದ್ದಾರೆ. ಚಿತ್ರ ನೋಡಿದ ಕೂಡಲೆ, ಆಹಾ, ಸಾವಿನಲ್ಲೂ ಅಗಲದ ದಂಪತಿಗಳು ಎಂದು ಬಾಯಿಗೆ ಬರುತ್ತದೆ. ಆದರೆ ಕೆಲವು ಜೋಡಿಗಳಲ್ಲಿ ಒಬ್ಬರು ದೊಡ್ಡವರು, ಇನ್ನೊಂದು ಮಗು. ಅಲ್ಲದೆ ಇಬ್ಬರೂ ಒಂದೇ ದಿನ ಸಾಯುವುದು ಅಷ್ಟು ಸುಲಭವಲ್ಲ. ಸತ್ತವನ ಜೊತೆಗೆ ಬದುಕಿದ್ದವಳನ್ನು ಕಳುಹಿಸಿದ್ದರೆ ಆ ಕೈಗಳನ್ನು ಸೇರಿಸಿದ್ದು ಪ್ರೀತಿಯಲ್ಲ. ಪಜಿರಿಕ್ಕಿನ ಐದನೆಯ ದಿಬ್ಬದಲ್ಲಿ ಒಂದೇ ಮರದ ದಿಮ್ಮಿ ಕೊರೆದು ಮಾಡಿದ ಪೆಟ್ಟಿಗೆಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಹೆರೊಡೋಟಸನನ್ನು ಓದಿ ಬಂದವರಿಗೆ ಅವಳು ಕುತ್ತಿಗೆ ಬಿಗಿಸಿಕೊಂಡ ಉಪಪತ್ನಿಯಾಗಿ ಕಂಡಾಳು. ಕಾವ್ಯ ಓದಿ ಬಂದವರಿಗೆ ಪತಿವ್ರತೆಯಾಗಿ ಕಂಡಾಳು. ಅವರಿಗೆ ಶವ ಕೆಡದಂತೆ ಇಡುವ ವಿದ್ಯೆ ಗೊತ್ತಿತ್ತು. ನೆಲ ಹೆಪ್ಪುಗಟ್ಟಿದ್ದರೆ ಅಗೆಯುವ ಕಾಲ ಬರುವ ತನಕ ಕಾಯುತ್ತಿದ್ದರು. ಆದ್ದರಿಂದ ಒಟ್ಟಿಗೆ ಮಣ್ಣು ಸೇರಿದವರು ಒಟ್ಟಿಗೇ ಸತ್ತವರು ಎಂದೂ ಹೇಳಲಾಗದು. ಒಬ್ಬರು ಇನ್ನೊಬ್ಬರಿಗಾಗಿ ಕಾದಿದ್ದಿರಬಹುದು.

ಇಲ್ಲಿ ಋಗ್ವೇದದ ಹತ್ತನೆಯ ಮಂಡಲದ ಅಂತ್ಯಕರ್ಮದ ಸೂಕ್ತವೊಂದು ನೆನಪಿಗೆ ಬರುತ್ತದೆ. ಅದನ್ನು ಹಾಡಿದವರ ಪೂರ್ವಿಕರು ಆ ಹುಲ್ಲುಬಯಲಿನ ಕಡೆಯಿಂದ ಬಂದವರೆಂದು ಬಹುಮಂದಿ ವಿದ್ವಾಂಸರ ಮತ. ಸತ್ತ ಗಂಡನ ಮಗ್ಗುಲಲ್ಲಿ ಹೆಂಡತಿ ಮಲಗಿರುತ್ತಾಳೆ. ಆದರೆ ಸೂಕ್ತ ಅವಳನ್ನು ಅಲ್ಲಿಯೇ ಬಿಡುವುದಿಲ್ಲ. ಎದ್ದು ಬದುಕಿರುವವರ ಲೋಕಕ್ಕೆ ಬಾ ಎಂದು ಕರೆಯುತ್ತದೆ. ಸತ್ತವನ ಕೈಯಿಂದ ಬಿಲ್ಲನ್ನೂ ಉಳಿದವರು ತೆಗೆದುಕೊಳ್ಳುತ್ತಾರೆ. ಮಲಗುವುದು ಒಂದು ವಿಧಿ, ಏಳುವುದು ಇನ್ನೊಂದು ವಿಧಿ. ಗುಂಡಿಯವರೆಗೆ ಹೋಗಿ ಹಿಂತಿರುಗಿದವಳ ಮೂಳೆ ಆ ಗುಂಡಿಯಲ್ಲಿ ಸಿಕ್ಕುವುದಿಲ್ಲ. ಅಗೆಯುವವರಿಗೆ ಕಾಣುವವರು ಏಳದೆ ಉಳಿದವರು ಮಾತ್ರ.

ಇತ್ತೀಚೆಗೆ ಈ ವಿದ್ಯೆಗೆ ಹೊಸದೊಂದು ಕಣ್ಣು ಬಂದಿದೆ. ಮೂಳೆಯ ಪುಡಿಯಿಂದ ಡಿ.ಎನ್.ಎ. ತೆಗೆದು, ಯಾರು ಯಾರ ಮಗ, ಯಾರು ಯಾರ ತಮ್ಮ ಎಂದು ಹೇಳಬಲ್ಲರು. ರಷ್ಯದ ಉರಲ್ ಬೆಟ್ಟಗಳ ದಕ್ಷಿಣದಲ್ಲಿ ನೆಪ್ಲೂಯೆವ್‌ಸ್ಕಿ ಎಂಬ ಕಡೆ 3,800 ವರ್ಷಗಳ ಹಿಂದಿನ ಒಂದು ಕುರ್ಗಾನ್ ಇದೆ. ಜರ್ಮನಿಯ ಮೈನ್ಸ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಅದರಲ್ಲಿದ್ದ 32 ಜನರ ವಂಶವೃಕ್ಷವನ್ನು 2023ರಲ್ಲಿ ಬಿಡಿಸಿ ತೋರಿಸಿದರು. ಆರು ಮಂದಿ ಅಣ್ಣತಮ್ಮಂದಿರು, ಅವರ ಹೆಂಡಿರು, ಮಕ್ಕಳು, ಮೊಮ್ಮಕ್ಕಳು. ಹಿರಿಯಣ್ಣನಿಗೆ ಇಬ್ಬರು ಹೆಂಡಿರಿಂದ ಎಂಟು ಮಕ್ಕಳು. ಆ ಇಬ್ಬರಲ್ಲಿ ಒಬ್ಬಳು ದೂರದ ಪೂರ್ವದ ಬಯಲಿನ ಕಡೆಯವಳು. ಉಳಿದ ತಮ್ಮಂದಿರಿಗೆ ಎರಡು ಮದುವೆಯ ಗುರುತಿಲ್ಲ. ಹೆಂಡಿರೆಲ್ಲ ಹೊರಗಿನಿಂದ ಬಂದವರು; ಮದುವೆಯ ವಯಸ್ಸಿಗೆ ಬಂದ ಆ ಮನೆಯ ಹೆಣ್ಣುಮಕ್ಕಳು ಮಾತ್ರ ಆ ದಿಬ್ಬದಲ್ಲಿಲ್ಲ. ಅವರು ಎಲ್ಲಿಯೋ ಇನ್ನೊಂದು ದಿಬ್ಬದಲ್ಲಿ, ಗಂಡನ ಅಣ್ಣತಮ್ಮಂದಿರ ನಡುವೆ, ಹೊರಗಿನಿಂದ ಬಂದವರಾಗಿ ಮಲಗಿದ್ದಾರೆ. ಸ್ಟೆಪ್ಪಿಯಿಂದ ಹಂಗೇರಿಗೆ ಹೋಗಿ ನೆಲೆಸಿದ ಆವಾರರ ನಾನೂರಕ್ಕೂ ಹೆಚ್ಚು ಗೋರಿಗಳನ್ನು ಹೀಗೆಯೇ ಓದಿ, 2024ರಲ್ಲಿ ಒಂಬತ್ತು ತಲೆಮಾರಿನ ವಂಶಾವಳಿ ಬರೆದಿದ್ದಾರೆ. ಅಲ್ಲಿಯೂ ಇದೇ ಕತೆ: ಗಂಡಸರು ತಂದೆಯ ಬಳಿ, ಹೆಂಗಸರು ತೌರನ್ನು ಬಿಟ್ಟು. ಗಂಡ ಸತ್ತವಳನ್ನು ಅವನ ಹತ್ತಿರದ ಬಂಧುವೇ ಕೂಡಿಕೊಂಡ ಉದಾಹರಣೆಗಳೂ ಅಲ್ಲಿ ಸಿಕ್ಕಿವೆ.

ಆ ಹಿರಿಯಣ್ಣನ ಇಬ್ಬರು ಹೆಂಡಿರ ವಿಷಯ ಓದಿದಾಗ ನನಗೆ ಕಂಡದ್ದು ನಮ್ಮ ಹೊಲ. ನಮ್ಮದು ತುಮಕೂರು ಸೀಮೆಯ ಬೇಸಾಯದ ಮನೆ, ಹೂಳುವ ಪದ್ಧತಿಯವರು. ಹೊಲದ ಮೂಡಣ ಮೂಲೆಯಲ್ಲಿ ನಮ್ಮ ತಾತನ ಗೋರಿಯಿದೆ, 1971ರದು. ಅವನ ಎಡಮಗ್ಗುಲಲ್ಲಿ ಒಂಬತ್ತು ವರ್ಷ ಮೊದಲೇ ಹೋದ ದೊಡ್ಡಜ್ಜಿ. ಅವಳಿಗೆ ಮಕ್ಕಳಾಗಲಿಲ್ಲ, ತಾನೇ ಮುಂದೆ ನಿಂತು ಹೆಣ್ಣು ನೋಡಿ ನಮ್ಮಜ್ಜಿಯನ್ನು ತಂದವಳು. ನಮ್ಮ ತಂದೆಯನ್ನು ಎತ್ತಿ ಆಡಿಸಿದವಳೂ ಅವಳೇ. ನಮ್ಮಜ್ಜಿ 1994ರಲ್ಲಿ ತೀರಿಕೊಂಡಳು. ಆಗ ನನಗೆ ಹನ್ನೆರಡು ವರ್ಷ. ತಾತನ ಬಲಮಗ್ಗುಲಲ್ಲಿ ಜಾಗ ಬೇಕಾದಷ್ಟಿತ್ತು. ಅವಳು ಹಾಸಿಗೆ ಹಿಡಿದಾಗಲೇ ನಮ್ಮ ತಂದೆಯನ್ನು ಕರೆದು ಹೇಳಿಬಿಟ್ಟಳು: "ನನ್ನ ಅಲ್ಲಿ ಇಕ್ಕಬ್ಯಾಡ ಕಣ್ ಮಗ. ಇರೋಗಂಟ ಅಕ್ಕನ ಜಾಗದಾಗೆ ಅರ್ಧ ತಕಂಡೆ. ಅಲ್ಲಾದ್ರೂ ಅವಳೊಬ್ಬಳೇ ಇರ್ಲಿ. ನಂಗೆ ಬಾವಿ ತಾವ ಹೊಂಗೆ ಮರದ ಬುಡ ಸಾಕು." ಊರ ಹಿರಿಯರು ಒಪ್ಪಲಿಲ್ಲ, ಮಕ್ಕಳು ಹೆತ್ತವಳು ಗಂಡನಿಂದ ದೂರ ಮಲಗುವುದುಂಟೆ ಎಂದರು. ನಮ್ಮ ತಂದೆ ಒಂದು ರಾತ್ರಿಯೆಲ್ಲ ಜಗಲಿಯ ಮೇಲೆ ಕುಳಿತಿದ್ದು ಬೆಳಿಗ್ಗೆ ಹೊಂಗೆಯ ಬುಡದಲ್ಲಿ ಅಗೆಯಲು ಹೇಳಿದರು. ಪಿತೃಪಕ್ಷದಲ್ಲಿ ನಾವು ಎಡೆಯನ್ನು ಎರಡು ಕಡೆಗೆ ಒಯ್ಯುತ್ತೇವೆ. ಮೊದಲು ಮೂಡಣ ಮೂಲೆಗೆ. ಆಮೇಲೆ ಬಾವಿಯ ಕಡೆಗೆ.

ಸಾವಿರಾರು ವರ್ಷದ ಮೇಲೆ ಯಾರೋ ಬುದ್ಧಿವಂತರು ಆ ಹೊಲವನ್ನು ಅಗೆದಾರು. ಅವರ ಉಪಕರಣಗಳು ಸುಳ್ಳು ಹೇಳುವುದಿಲ್ಲ. ಗಂಡಸಿನ ಮಗ್ಗುಲಲ್ಲಿರುವವಳಿಗೆ ಸಂತಾನವಿಲ್ಲ, ವಂಶವೆಲ್ಲ ಬೆಳೆದದ್ದು ದೂರದಲ್ಲಿ ಒಂಟಿಯಾಗಿ ಮಲಗಿದವಳಿಂದ ಎಂದು ಸರಿಯಾಗಿಯೇ ಹೇಳಿಯಾರು. ಆಮೇಲೆ? ಒಬ್ಬಳು ಪಟ್ಟದವಳು, ಇನ್ನೊಬ್ಬಳು ದಾಸಿ ಎಂದಾರು. ಸವತಿಯರ ಮತ್ಸರ ಸಾವಿನ ನಂತರವೂ ಹೋಗಲಿಲ್ಲ ಎಂದಾರು. ಒಬ್ಬ ಹೆಂಗಸು ಇನ್ನೊಬ್ಬಳಿಗೆ ಬಿಟ್ಟುಕೊಟ್ಟ ಆ ಆರು ಅಡಿ ಜಾಗ ಯಾವ ಮೂಳೆಯಲ್ಲಿ ಬರೆದಿರುತ್ತದೆ? ಅದನ್ನು ಬಲ್ಲವರು ಇಂದು ನಾವು ಐದಾರು ಜನ. ನಮ್ಮ ಮಕ್ಕಳಿಗೆ ಹೇಳಿದ್ದೇವೆ; ಅವರು ಅವರ ಮಕ್ಕಳಿಗೆ ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ.

ಹಾಗೆಂದು ಮೂಳೆ ಓದುವವರ ಶ್ರಮವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅವರು ಇಲ್ಲದಿದ್ದರೆ ಆರು ಜನ ಅಣ್ಣತಮ್ಮಂದಿರೂ ಇಲ್ಲ, ಪೂರ್ವದ ಬಯಲಿನಿಂದ ಬಂದ ಆ ಹೆಂಗಸೂ ಇಲ್ಲ. ನಾನು ಕಂಡುಕೊಂಡದ್ದು ಇಷ್ಟೇ: ಒಂದೇ ಗೋರಿಯಲ್ಲಿ ಇಬ್ಬರು ಮಲಗಿದ್ದಾರೆಂದರೆ ಅವರನ್ನು ಹಾಗೆ ಮಲಗಿಸಿದವರು ಬೇರೆ ಇದ್ದರು. ಮಗ್ಗುಲನ್ನು ಗೊತ್ತುಮಾಡಿದವರು ಅವರು. ಗೋರಿ ನಮಗೆ ಮೊದಲು ತಿಳಿಸುವುದು ಅವರ ಮನಸ್ಸನ್ನು: ಅವರ ಭಕ್ತಿ, ಭಯ, ಅಹಂಕಾರ, ಅಧಿಕಾರ. ಮಲಗಿದವರು ಅದಕ್ಕೆ ಒಪ್ಪಿದ್ದರೇ ಎಂಬುದು ಬೇರೆಯೇ ಪ್ರಶ್ನೆ. ಸತ್ತ ಮೇಲೆ ಎಲ್ಲಿ ಮಲಗಬೇಕೆಂದು ತಾನೇ ಹೇಳಿ, ಹೇಳಿದಂತೆ ನಡೆಸಿಕೊಂಡವರು ಯಾವ ಕಾಲದಲ್ಲೂ ಕಡಿಮೆ. ನಮ್ಮಜ್ಜಿ ಅವರಲ್ಲಿ ಒಬ್ಬಳು. ಅರಸನ ಅಡಿಗೆಯವನಿಗೆ ಆ ಅವಕಾಶ ಬಂದಿತ್ತೆಂದು ನನಗೆ ತೋರುವುದಿಲ್ಲ.

ಪಜಿರಿಕ್ಕಿನ ಮೊದಲನೆಯ ದಿಬ್ಬದಲ್ಲಿ ಹತ್ತು ಕುದುರೆಗಳಿದ್ದವು. ಒಂದೊಂದರ ಕಿವಿಗೂ ಒಂದೊಂದು ಬಗೆಯ ಕಚ್ಚು. ಹತ್ತೂ ಬೇರೆ ಬೇರೆ. ಅವು ಸತ್ತವನ ಸ್ವಂತ ಕುದುರೆಗಳಲ್ಲ, ಹತ್ತು ಕುಲದವರು ತಂದುಕೊಟ್ಟ ಕಾಣಿಕೆ ಎಂದು ಅಗೆದ ವಿದ್ವಾಂಸ ಗ್ರ್ಯಾಜ್ನೊವ್ ಊಹಿಸಿದರು. ಇದು ನನಗೆ ಹಿಡಿಸುತ್ತದೆ. ಒಂದು ಸಾವಿನ ಸುದ್ದಿ ಕೇಳಿ ಹತ್ತು ಕಡೆಯಿಂದ ಬಂಡಿಗಳು ಬಂದಿರಬೇಕು. ಪ್ರತಿಯೊಬ್ಬರೂ ತಮ್ಮ ಗುರುತಿನ ಒಂದು ಜೀವವನ್ನು ಒಪ್ಪಿಸಿರಬೇಕು.

ನೆಪ್ಲೂಯೆವ್‌ಸ್ಕಿಯ ದಿಬ್ಬದಲ್ಲಿ ಇಂಥ ವೈಭವವಿಲ್ಲ. ಅಲ್ಲಿ ಕೊನೆಯ ತಲೆಮಾರಿನಲ್ಲಿ ಹೂತಿರುವುದು ಬರಿಯ ಹಸುಗೂಸುಗಳನ್ನೂ ಎಳೆಯ ಮಕ್ಕಳನ್ನೂ. ಆಮೇಲೆ ಅಲ್ಲಿ ಯಾರನ್ನೂ ಹೂಳಲಿಲ್ಲ. ರೋಗ ಬಂದು ಮನೆತನ ಅಳಿಯಿತೋ, ಉಳಿದವರು ಬೇರೆ ಹುಲ್ಲು ಹುಡುಕಿಕೊಂಡು ಹೋದರೋ ಎಂದು ವಿದ್ವಾಂಸರು ಎರಡು ಮಾತನ್ನೂ ಇಟ್ಟಿದ್ದಾರೆ. ಎರಡನೆಯದೇ ಆಗಿರಲಿ ಎಂದು ನಾನು ಬಯಸುತ್ತೇನೆ. ಹೋದವರು ಬಂಡಿಯನ್ನು ಒಮ್ಮೆ ನಿಲ್ಲಿಸಿ, ಅಜ್ಜಂದಿರ ನಡುವೆ ಬಿಟ್ಟ ಆ ಮಕ್ಕಳ ಕಡೆಗೆ ತಿರುಗಿ ನೋಡಿರಬೇಕು. ಆ ಮಕ್ಕಳನ್ನು ಯಾರ ಮಗ್ಗುಲಲ್ಲಿ ಮಲಗಿಸುವುದೆಂದು ಅವರು ಬಹಳ ಯೋಚಿಸಿದ್ದಿರಬೇಕು.